ತಂಗಿಯ ಪೊದೆ, ಬೇಲಿಯಾಚೆಯ ಒಂಟೆ

ಕುವೈತಿಗೆ ಹೋಗಿ ಬಂದ ನನ್ನ ಫೋನಿನಲ್ಲಿ ಆ ಊರಿನ ಪ್ರಸಿದ್ಧ ಗೋಪುರಗಳ ಫೋಟೋ ಒಂದೇ ಇದೆ. ಅದರಲ್ಲೂ ಅರ್ಧ ಗೋಪುರಕ್ಕೆ ನನ್ನ ಹೆಬ್ಬೆರಳು ಅಡ್ಡ ಬಂದಿದೆ. ಉಳಿದದ್ದೆಲ್ಲ ಒಣ ಕಡ್ಡಿಗಳ ಫೋಟೋ. ಸ್ಟಾಫ್ ರೂಮಿನಲ್ಲಿ ತೋರಿಸಿದಾಗ ನಮ್ಮ ಗಣಿತದ ಟೀಚರ್ ಒಂದೊಂದನ್ನೇ ಸರಿಸಿ ನೋಡಿ, "ಏನ್ ಮೇಡಂ, ವಿಮಾನ ಹತ್ತಿ ಹೋಗಿ ಸೌದೆ ನೋಡ್ಕೊಂಡು ಬಂದ್ರಾ?" ಅಂದರು. ಹೌದು, ಸೌದೆಯನ್ನೇ ನೋಡಿ ಬಂದೆ. ನೋಡಿ ಹೊಟ್ಟೆ ಉರಿಸಿಕೊಂಡೂ ಬಂದೆ.

ಫಹಾಹೀಲ್

ನನ್ನ ತಂಗಿ ಗಿರಿಜ ಮದುವೆಯಾದ ವರ್ಷವೇ ಕುವೈತಿಗೆ ಹೋದವಳು. ಗಂಡ ಶಿವಕುಮಾರ್ ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಮನೆ ಫಹಾಹೀಲಿನಲ್ಲಿ, ಸಮುದ್ರದ ಗಾಳಿಯೂ ಎಣ್ಣೆಯ ವಾಸನೆಯೂ ಒಂದೇ ಕಿಟಕಿಯಿಂದ ಬರುವ ಕಡೆ. ನಾನು ಚಿತ್ರದುರ್ಗದ ಕಡೆಯ ನಮ್ಮೂರಿನಲ್ಲೇ ಉಳಿದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಊರಿಗೆ ಹೊಂದಿಕೊಂಡೇ ಅಮೃತಮಹಲ್ ಕಾವಲು. ರಾಜರ ಕಾಲದಲ್ಲಿ ದನಗಳಿಗೆಂದು ಬಿಟ್ಟ ಹುಲ್ಲುಗಾವಲು, ನಡುನಡುವೆ ತಂಗಡಿ, ಬಂದರಿಕೆ, ಕಾರೆಮುಳ್ಳಿನ ಪೊದೆಗಳು. ನಾನು ಮಾತು ಕಲಿತದ್ದೇ ಆ ಕಾವಲಿನಲ್ಲಿ, ಅಜ್ಜಿಯ ಸೆರಗು ಹಿಡಿದು ದನದ ಹಿಂದೆ ತಿರುಗುತ್ತ.

ಗಿರಿಜ ಆಗ ಕಾವಲಿಗೆ ಕಾಲಿಡುತ್ತಿರಲಿಲ್ಲ. ಓತಿಕ್ಯಾತ ಕಂಡರೆ ಅವಳ ಕಿರುಚಾಟ ಊರಬಾಗಿಲಿಗೆ ಕೇಳುತ್ತಿತ್ತು. ಅಂಥವಳು ಏರ್‌ಪೋರ್ಟಿನಲ್ಲಿ ನನ್ನನ್ನು ಅಪ್ಪಿಕೊಂಡು ಮೊದಲು ಆಡಿದ ಮಾತು ಏನೆಂದರೆ, "ಅಕ್ಕಾ, ನನ್ ಅರ್ಫಜ್ ತೋರಿಸ್ತೀನಿ, ಶುಕ್ರವಾರ ಫ್ರೀ ಇಟ್ಕೋ."

ನಾನು ಅರ್ಫಜ್ ಎಂದರೆ ಯಾವುದೋ ನೆಕ್ಲೇಸ್ ಇರಬೇಕು ಅಂದುಕೊಂಡೆ.

ಅದು ಪೊದೆ. ಮರುಭೂಮಿಯಲ್ಲಿ ಮೊಣಕಾಲೆತ್ತರ ಬೆಳೆಯುವ, ವಸಂತದಲ್ಲಿ ಪುಟ್ಟ ಹಳದಿ ಹೂ ಬಿಡುವ, ಘಮಘಮ ಅನ್ನುವ ಪೊದೆ. ಕುವೈತಿನ ರಾಷ್ಟ್ರಪುಷ್ಪ ಅದೇ. ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರ ಇತ್ತಂತೆ. ಒಂಟೆ ಕುರಿಗಳು ಮೇದು, ಜನ ಕಿತ್ತು ಒಲೆಗೆ ಹಾಕಿ, ಚಳಿಗಾಲದ ಡೇರೆಗಳ ಗೂಟಕ್ಕೂ ಗಾಡಿಗಳ ಚಕ್ರಕ್ಕೂ ಸಿಕ್ಕಿ ಈಗ ಬೇಲಿ ಹಾಕಿದ ಕಡೆ ಮಾತ್ರ ಉಳಿದಿದೆ. ಉಮ್ಮ್ ಖಾಲಿದ್ ಎಂಬ ಹಿರಿಯ ಕುವೈತಿ ಹೆಂಗಸು ಒಂದು ಗುಂಪು ಕಟ್ಟಿ, ಅಂಥದೊಂದು ಬೇಲಿಯೊಳಗೆ ಅದನ್ನು ಮತ್ತೆ ಬೆಳೆಸುತ್ತಿದ್ದಾರೆ. ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ತುಂಡು ನೆಲ. ನನ್ನ ತಂಗಿಗೂ ಒಂದು.

ಕಾವಲು ಉಳಿಸಿ ಅಂತ ಕಚೇರಿ ಕಚೇರಿ ಅಲೆದವಳು ನಾನು. ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೀಜ ಹೆಕ್ಕಿದವಳು ನಾನು. ಪೊದೆಯ ಯಜಮಾನಿಕೆ ಮಾತ್ರ ಓತಿಕ್ಯಾತಕ್ಕೆ ಕಿರುಚುತ್ತಿದ್ದವಳಿಗೆ.

ಊಟಕ್ಕೆ ಕೂತಾಗ ಶಿವಕುಮಾರ್ ಹೇಳಿದರು, "ಅತ್ತಿಗೆ, ಈ ಚಳಿಗಾಲ ಕಳೆದರೆ ನನ್ನ ಕೆಲಸ ಖಲಾಸ್. ಇಕಾಮಾ ಮುಗೀತು ಅಂದ್ರೆ ಹೊರಡೋದೇ. ಇವಳಿಗೆ ಆ ಗಿಡದ್ದೇ ಚಿಂತೆ, ಗಂಡನ್ನ ಬೇಕಾದ್ರೆ ಬಿಟ್ಟು ಬರ್ತಾಳೆ."

ಇಕಾಮಾ ಎಂದರೆ ಅಲ್ಲಿ ಇರಲು ಕೊಡುವ ಪರವಾನಗಿ. ಕೆಲಸ ಇದ್ದರೆ ಅದು, ಅದಿದ್ದರೆ ಮನೆ, ಮಕ್ಕಳ ಶಾಲೆ, ಎಲ್ಲ.

ಗಿರಿಜ ನಗಲಿಲ್ಲ. "ಇಷ್ಟು ವರ್ಷ ಇದ್ದೂ ಇಲ್ಲಿ ನಂದು ಅಂತ ಗೋಡೆಗೆ ಹೊಡೆದ ಒಂದು ಮೊಳೆನೂ ಇಲ್ಲ ಅಕ್ಕ. ಮನೆ ಬಿಡುವಾಗ ಅದನ್ನೂ ಕೀಳ್ಬೇಕು. ಎರಡು ಸಲ ನೆಟ್ಟೆ, ಎರಡು ಸಲನೂ ಸತ್ತೋಯ್ತು. ಈ ಸಲದ್ದು ಒಂದು ಬೇಸಿಗೆ ದಾಟಿದೆ. ಮಳೆ ಬಿದ್ದ ಮೇಲೆ ಚಿಗುರಿತು ಅಂದ್ರೆ ಬೇರು ಹಿಡೀತು ಅಂತ. ಅದೊಂದು ನೋಡ್ಕೊಂಡು ಹೊರಟುಬಿಡ್ತೀನಿ."

ಖೈತಾನ್, ಹಮೀದನ ಅಂಗಡಿ

ಶುಕ್ರವಾರ ಗುಂಪನ್ನು ವ್ಯಾನಿನಲ್ಲಿ ಕರೆದೊಯ್ಯುವವನು ಹಮೀದ್. ಬಂಟ್ವಾಳದ ಕಡೆಯ ಬ್ಯಾರಿ. ಖೈತಾನಿನಲ್ಲಿ ಅವನದೊಂದು ಕಿರಾಣಿ ಅಂಗಡಿ. ಅಲ್ಲಿ ಕುಚ್ಚಲಕ್ಕಿ, ನೇಂದ್ರ ಚಿಪ್ಸು, ಮಂಗಳೂರಿನ ಬೀಡಿ, ಅರಬ್ಬೀ ರೊಟ್ಟಿ ಎಲ್ಲ ಒಂದೇ ಕಪಾಟಿನಲ್ಲಿ ಸಂಸಾರ ಮಾಡುತ್ತಿದ್ದವು. ನಮ್ಮನ್ನು ಕೂರಿಸಿ ಹಾಲಿಲ್ಲದ ಚಹಾ ಕೊಟ್ಟ.

"ನೀವು ಯಾವ ಊರು ಅಕ್ಕ?"

ಹೇಳಿದೆ.

"ಓ, ಘಟ್ಟದ ಮೇಲೆ. ಅಲ್ಲಿ ಮಳೆ ಉಂಟಾ?"

"ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಹಾಗಾದರೆ ನಿಮಗೆ ಇಲ್ಲಿ ಕಷ್ಟ ಆಗ್ಲಿಕ್ಕಿಲ್ಲ. ನಾನು ಬಂದ ಹೊಸತಿಗೆ ಈ ಬೋಳು ನೋಡಿ ಅತ್ತಿದ್ದೇನೆ ಮಾರಾಯ್ರೆ. ಹಸಿರು ಬೇಕು ಅಂತ ಆದರೆ ಟ್ರಾಫಿಕ್ ಸಿಗ್ನಲ್ ನೋಡ್ಬೇಕಿತ್ತು."

ಅವನ ಅಂಗಡಿಯ ಗಲ್ಲಾದ ಪಕ್ಕ ಒಂದು ಡಬ್ಬದಲ್ಲಿ ಅರ್ಫಜ್ ಸಸಿ ಇತ್ತು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಬ್ಯಾರಿ ಅಂಗಡಿಯವನೂ ಸಾಕುತ್ತಿದ್ದಾನೆ. ನಮ್ಮೂರಲ್ಲಿ ಒಂದು ತಂಗಡಿ ಗಿಡವನ್ನು ಡಬ್ಬದಲ್ಲಿಟ್ಟು ಅಂಗಡಿ ಮುಂದೆ ಇಟ್ಟರೆ, ಇವನಿಗೆ ತಲೆ ಕೆಟ್ಟಿದೆ ಅಂತ ಸಾಲ ಕೇಳುವವರೂ ಬರುವುದು ಬಿಡುತ್ತಾರೆ.

ಬೇಲಿಯ ಒಳಗೆ

ಊರು ದಾಟಿದ ಮೇಲೆ ದಾರಿಯ ಎರಡೂ ಕಡೆ ಎಣ್ಣೆಯ ಕೊಳವೆಗಳು, ವಿದ್ಯುತ್ ಕಂಬಗಳು, ಅಲ್ಲಲ್ಲಿ ಆಗಲೇ ಹೂಡುತ್ತಿದ್ದ ಚಳಿಗಾಲದ ಡೇರೆಗಳು. ಬೆಂಗಳೂರಿನವರು ಶನಿವಾರ ನಂದಿಬೆಟ್ಟಕ್ಕೆ ನುಗ್ಗಿದ ಹಾಗೆ ಇವರು ಚಳಿ ಬಿದ್ದೊಡನೆ ಮರುಭೂಮಿಗೆ ನುಗ್ಗುತ್ತಾರೆ. ನೆಲ ಮಾತ್ರ ಉಜ್ಜಿ ತೊಳೆದ ಪಾತ್ರೆಯ ಹಾಗೆ ಬರಿದು.

ಆಮೇಲೆ ಬೇಲಿ ಬಂತು. ಉದ್ದಕ್ಕೂ ತಂತಿ, ಸರಪಳಿ ಬಿಗಿದ ಗೇಟು, ಗೇಟಿನ ಮೇಲೆ ಅರಬ್ಬಿಯಲ್ಲಿ ಬರೆದ ಬೋರ್ಡು. ತಂತಿಯಿಂದ ಈಚೆ ಒಂದು ಎಲೆ ಇಲ್ಲ. ಆಚೆ ಪೊದೆ, ಪೊದೆಯ ಪಕ್ಕ ಪೊದೆ, ಬುಡದಲ್ಲಿ ಗಾಳಿ ತಂದು ಕೂಡಿಸಿದ ಮರಳಿನ ಗುಡ್ಡೆ, ಗುಡ್ಡೆಯ ಮೇಲೆ ಹಕ್ಕಿಯ ಹೆಜ್ಜೆ. ಒಂದು ತಂತಿ ಇಷ್ಟು ಕೆಲಸ ಮಾಡುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಬೇರೆಯವರ ದೇಶದಲ್ಲಿ ಕಣ್ಣಾರೆ ನೋಡುವುದು ಬೇರೆ ಸಂಕಟ.

"ಏನ್ ಬರ್ದೈತೆ ಬೋರ್ಡಲ್ಲಿ?" ಅಂತ ಗಿರಿಜಳನ್ನು ಕೇಳಿದೆ.

"ಮೇಯಿಸಬಾರದು, ಗಾಡಿ ಓಡಿಸಬಾರದು ಅಂತ."

"ಯಾರೂ ಕಿತ್ಕೊಂಡ್ ಹೋಗಲ್ವಾ?"

"ಬೋರ್ಡನ್ನಾ? ಯಾಕೆ ಕಿತ್ಕೊಂಡ್ ಹೋಗ್ತಾರೆ?"

ನಮ್ಮ ಕಾವಲಿನ ಅಂಚಿಗೆ ಶಾಲೆಯ ಮಕ್ಕಳು ಬಣ್ಣ ಹಚ್ಚಿ ನೆಟ್ಟ ತಗಡಿನ ಬೋರ್ಡು ಈಗ ಒಬ್ಬರ ಕೋಳಿಗೂಡಿನ ಮಾಡಾಗಿದೆ. "ಇದು ಜೀವಂತ ನೆಲ" ಎಂಬ ಅಕ್ಷರಗಳ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತಿವೆ. ಕಾವಲಿನ ಅರ್ಧ ಒಂದು ಕಾರ್ಖಾನೆಯ ಗೋಡೆಯೊಳಗೆ ಹೋಗಿದೆ. ಉಳಿದರ್ಧವನ್ನು ಸರ್ಕಾರಿ ಕಾಗದದಲ್ಲಿ ಪಾಳು ಎಂದು ಕರೆಯುತ್ತಾರೆ.

ಉಮ್ಮ್ ಖಾಲಿದ್ ನಮಗಿಂತ ಮುಂಚೆ ಬಂದಿದ್ದರು. ಕಪ್ಪು ಅಬಾಯದ ನಿಲುವಂಗಿಯ ಕೆಳಗೆ ಮಣ್ಣು ಮೆತ್ತಿದ ಬೂಟು, ಕೈಯಲ್ಲಿ ಇಕ್ಕಳ. ನನ್ನ ಕೈ ಹಿಡಿದು ಹಿಂದಿಯಲ್ಲಿ "ಬಡೀ ಬೆಹನ್?" ಅಂದರು, ಅಕ್ಕನಾ ಅಂತ. ಅವರ ಹಿಂದಿ ಮನೆಗೆಲಸದವರಿಂದ ಕಲಿತದ್ದು, ನನ್ನದು ಟಿವಿಯಿಂದ. ಎರಡೂ ಸೇರಿ ಒಂದು ಭಾಷೆಯಾಗುವಷ್ಟಿತ್ತು. ಉಳಿದದ್ದಕ್ಕೆ ಗಿರಿಜ ಇದ್ದಳು.

ಗಿರಿಜ ಒಂದು ಬಿಲದ ಮುಂದೆ ಮೊಣಕಾಲೂರಿ ನನ್ನನ್ನು ಕರೆದಳು. ಒಳಗೆ ಒಂದು ಮುಖ ಹೊರಕ್ಕೆ ನೋಡುತ್ತಿತ್ತು. ಉಡದ ತಮ್ಮನಂಥ ಪ್ರಾಣಿ, ದಪ್ಪ ಬಾಲದ ತುಂಬ ಮುಳ್ಳಿನ ಬಳೆಗಳು. ಅಲ್ಲಿಯವರು ಅದನ್ನು ದಬ್ ಅನ್ನುತ್ತಾರೆ. "ಇದು ಇನ್ನೇನು ಚಳಿ ಬಿತ್ತು ಅಂದ್ರೆ ಮಲಗಿಬಿಡುತ್ತೆ. ಅರ್ಫಜ್ ಇದ್ರೆ ಅದಕ್ಕೆ ನೆರಳು, ಅರ್ಫಜ್ ಎಲೆನೇ ಊಟ," ಎಂದು ಪಿಸುಗುಟ್ಟಿದಳು, ತೊಟ್ಟಿಲ ಪಕ್ಕ ಮಾತಾಡುವ ಹಾಗೆ. ಓತಿಕ್ಯಾತದ ಅಜ್ಜನಂಥದ್ದರ ಮುಂದೆ ನನ್ನ ತಂಗಿ. ನನ್ನ ಹೊಟ್ಟೆಯ ಕಿಚ್ಚಿಗೆ ಇನ್ನಷ್ಟು ಸೌದೆ ಬಿತ್ತು.

ಅವಳ ತುಂಡು ನೆಲ ಬೇಲಿಯ ಮೂಲೆಯಲ್ಲಿ. ಅಲ್ಲಿದ್ದದ್ದು ಒಣಗಿ ಬಿಳಚಿದ ಕಡ್ಡಿಗಳು. ಎಲೆಯ ಸುದ್ದಿಯಿಲ್ಲ. "ಸತ್ತಿಲ್ಲ ಅಕ್ಕ. ಬೇಸಿಗೆಗೆ ಎಲೆ ಉದುರಿಸಿ ಮಲಗುತ್ತೆ," ಅಂದಳು. ಪಾಪ, ಆಸೆ ಎಷ್ಟಿದೆ ಇವಳಿಗೆ ಅಂದುಕೊಂಡೆ. ಆ ಮರುಕದಲ್ಲೂ ಒಂದು ಚೂರು ಸಮಾಧಾನ ಇತ್ತೆಂಬುದನ್ನು ಮುಚ್ಚಿಡಲಾರೆ.

ಅವರೆಲ್ಲ ದೂರದಲ್ಲಿ ಬಾಗಿದ ಬೇಲಿಕಂಬ ನೆಟ್ಟಗೆ ಮಾಡಲು ಹೋದರು. ನಾನು ಮೂಲೆಯಲ್ಲಿ ನೆರಳಿಗೆ ಕೊಡೆ ಹಿಡಿದು ಕೂತೆ. ಆಗ ತಂತಿಯಾಚೆ ಒಂದು ಒಂಟೆ ಬಂದು ನಿಂತಿತು. ಒಂದು ಕಿವಿ ಹರಿದಿತ್ತು. ಕೆಚ್ಚಲಿಗೆ ಬಲೆಯ ಚೀಲ ಕಟ್ಟಿದ್ದರು, ಮರಿ ಹಾಲು ಕುಡಿಯದಿರಲಿ ಅಂತ. ತಂತಿಯ ಮೇಲೆ ಗದ್ದ ಇಟ್ಟು ಉದ್ದ ರೆಪ್ಪೆ ಬಡಿದು ನನ್ನನ್ನೇ ನೋಡಿತು.

ನಮ್ಮ ಮನೆಯಲ್ಲಿ ಬೇಲಿಗೆ ಮೂತಿ ಇಟ್ಟ ದನವನ್ನು ಬರಿದೇ ಕಳಿಸಿದ್ದಿಲ್ಲ. ಯಾರದ್ದೇ ದನವಾಗಲಿ. "ಬಾಯಿಲ್ಲದ್ದು ಬಂದೈತೆ ಕಣವ್ವ, ಒಂದು ಹಿಡಿ ಹಾಕು," ಎಂದು ಅಜ್ಜಿ ಒಳಗಿನಿಂದ ಕೂಗುವಳು. ಆ ಕೂಗು ಇಷ್ಟು ವರ್ಷಗಳಾದರೂ ನನ್ನ ಕೈಯಲ್ಲಿ ಇದೆ. ಹಸುಕಂದನ ತಾಯಿ ಬೇರೆ. ತಂತಿಯ ಬುಡದಲ್ಲಿ ಒಂಟಿಯಾಗಿ ಒಂದು ಒಣಪೊದೆ ಇತ್ತು. ಸಾಲಿನಿಂದ ಹೊರಗಿತ್ತು; ಹಳೆಯ ಸೌದೆ ಎಂದೇ ಕಂಡಿತು. ಲಟಲಟ ಮುರಿದು ಒಂದು ಹಿಡಿ ಕೊಟ್ಟೆ. ಒಂಟೆ ಹಬ್ಬದೂಟದ ಹಾಗೆ ತಿಂದಿತು. ಇನ್ನೊಂದು ಹಿಡಿ ಕೊಟ್ಟೆ. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನಾನು ಯಾರಿಗೋ ಬೇಕಾದವಳಾಗಿದ್ದೆ. ಮೂರನೆಯ ಹಿಡಿಯೂ ಹೋಯಿತು.

"ಅಕ್ಕಾ, ಎಂತ ಮಾಡ್ತಾ ಇದ್ದೀರಿ?" ಹಮೀದ್ ವ್ಯಾನಿನಿಂದ ಓಡಿ ಬಂದ. "ಹುಶ್, ಯಲ್ಲಾ, ಹೋಗು ಆಚೆ. ಅಕ್ಕ, ಅದು ಗಿರಿಜಕ್ಕನ ಗಿಡ. ಮೊನ್ನೆ ಮಾರ್ಚಲ್ಲಿ ಹೂ ಬಿಟ್ಟದ್ದು ಅದೊಂದೇ."

ಪೊದೆಯಲ್ಲಿ ಬೆರಳುದ್ದದ ಮೊಂಡುಗಳು ಮಾತ್ರ ಉಳಿದಿದ್ದವು. ಗಿರಿಜ ಬಂದು ನೋಡಿದಳು. ಆಮೇಲೆ ಇಷ್ಟು ವರ್ಷ ಬಳಸದ ಊರಿನ ಮಾತು ಅವಳ ಬಾಯಲ್ಲಿ ಬಂತು.

"ನಿಂಗೆ ಹೊಟ್ಟೆಕಿಚ್ಚು ಕಣೇ ಅಕ್ಕ. ಬಂದಾಗಿಂದ ನೋಡ್ತಾನೇ ಇದೀನಿ. ಬೋರ್ಡ್ ಕಂಡ್ರೂ ಉರಿ, ಬೇಲಿ ಕಂಡ್ರೂ ಉರಿ. ನಂದು ಅಂತ ಒಂದು ಗಿಡ ಇರೋದನ್ನ ನೋಡಕ್ಕಾಗಲಿಲ್ವಾ?"

"ಸತ್ತೈತೆ ಅನ್ಕಂಡೆ ಕಣೇ. ದನ ಮೂತಿ ಇಟ್ತು..."

"ಅದು ದನ ಅಲ್ಲ."

ಉಮ್ಮ್ ಖಾಲಿದ್ ನಡುವೆ ಬಂದು ಬಗ್ಗಿದರು. ಮುರಿದ ಮೊಂಡನ್ನು ಬೆರಳಿನಲ್ಲಿ ಮುಟ್ಟಿದರು. ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬಾರಿಶ್ ಬೋಲೇಗಾ," ಅಂದರು. ಮಳೆ ಹೇಳುತ್ತದೆ.

ಕುವೈತ್ ಸಿಟಿ, ಹಳೆಯ ಸೂಕ್

ಆಮೇಲಿನ ದಿನಗಳಲ್ಲಿ ಗಿರಿಜ ನನಗೆ ಹೊತ್ತುಹೊತ್ತಿಗೆ ಊಟ ಬಡಿಸಿದಳು. ಮಾತು ಬಡಿಸಲಿಲ್ಲ. ಅವಳ ಮಗಳು ನಮ್ಮಿಬ್ಬರ ಮುಖ ನೋಡಿ, "ದೊಡ್ಡಮ್ಮ, ಇಟ್ಸ್ ಜಸ್ಟ್ ಅ ಪ್ಲಾಂಟ್," ಅಂತ ಸಂತೈಸಲು ಬಂದಳು. ಅವಳ ಅಮ್ಮ ಅಡುಗೆಮನೆಯಿಂದ ನೋಡಿದ ನೋಟಕ್ಕೆ ಮತ್ತೆ ರೂಮು ಸೇರಿಕೊಂಡಳು.

ಇದು ಉಮ್ಮ್ ಖಾಲಿದರಿಗೆ ಹೇಗೋ ಗೊತ್ತಾಗಿ, ಇಬ್ಬರನ್ನೂ ಹಳೆಯ ಸೂಕಿಗೆ ಚಹಾಕ್ಕೆ ಕರೆದರು. ಸೂಕ್ ಎಂದರೆ ಪೇಟೆ. ನಮ್ಮ ಚಿಕ್ಕಪೇಟೆಗೆ ಮಾಡು ಹಾಕಿ ಕಸ ಗುಡಿಸಿದರೆ ಹಾಗೆ ಕಾಣಬಹುದು. ಖರ್ಜೂರದ ರಾಶಿಗಳ ಪಕ್ಕದ ಬೆಂಚಿನಲ್ಲಿ ಚಹಾ, ರೊಟ್ಟಿ ತರಿಸಿಕೊಂಡು ಕೂತೆವು. ಗಿರಿಜ ಒಂದು ತುದಿ, ನಾನು ಒಂದು ತುದಿ. ನಡುವೆ ಆ ಹಿರಿಯರು ಬೇಲಿಕಂಬದ ಹಾಗೆ.

ಅವರ ಅಜ್ಜಿ ರೊಟ್ಟಿ ಸುಡುತ್ತಿದ್ದದ್ದು ಅರ್ಫಜ್ ಕಡ್ಡಿಯಲ್ಲೇ ಅಂತೆ. ಆ ಹೊಗೆಯ ಘಮ ಈಗ ಯಾವ ಅತ್ತರಿನಲ್ಲೂ ಸಿಗುವುದಿಲ್ಲ ಅಂದರು. ಆದರೆ ಎಲ್ಲ ಕಡೆ ಕಡಿಯುವಂತಿರಲಿಲ್ಲ. ಕುಲದವರು ಒಂದಿಷ್ಟು ನೆಲವನ್ನು ಹಿಮಾ ಎಂದು ಮುಚ್ಚುತ್ತಿದ್ದರು. ಅಲ್ಲಿ ಇಂಥ ಕಾಲಕ್ಕೆ ಇಂಥವರ ಪ್ರಾಣಿ ಮಾತ್ರ. ನೆಲ ದಣಿದಾಗ ಯಾರದ್ದೂ ಇಲ್ಲ.

ನಾನು ನೆಟ್ಟಗೆ ಕೂತೆ. "ಗಿರಿಜ, ಹೇಳೇ ಇವ್ರಿಗೆ. ನಮ್ಮ ಕಾವಲೂ ಹಂಗೇ ಇತ್ತು ಅಂತ. ಬೇಸಿಗೆ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ. ಅದಕ್ಕೊಬ್ಬ ಕಾವಲುಗಾರ. ಇವ್ರ ಹಿಮಾ ಏನ್ ದೊಡ್ಡದು, ನಮ್ಮಲ್ಲೂ ಇತ್ತು ಅನ್ನು."

ಗಿರಿಜ ಹೇಳಿದಳು. ಮಾತು ಬಿಟ್ಟ ಮೇಲೆ ಅವಳು ನನಗಾಗಿ ಆಡಿದ ಮೊದಲ ಮಾತು ಅದು, ಅದೂ ಬೇರೆ ಭಾಷೆಯಲ್ಲಿ.

ಉಮ್ಮ್ ಖಾಲಿದ್ ಕಣ್ಣರಳಿಸಿದರು. ತಮ್ಮ ತಂದೆ ಗಿಡುಗ ಹಿಡಿದು ಹುಬಾರಾ ಎಂಬ ಹಕ್ಕಿಯ ಬೇಟೆಗೆ ಹೋಗುತ್ತಿದ್ದರು, ಅದು ಪೊದೆಗಳ ನಡುವೆ ರಾಣಿಯ ಹಾಗೆ ನಡೆಯುವುದು, ಈಗ ಬೇಲಿಯೊಳಗೆ ಪೊದೆ ಬಂದರೆ ಚಳಿಗಾಲದಲ್ಲಿ ಹಾರಿ ಹೋಗುವ ಒಂದಾದರೂ ಕೆಳಗಿಳಿದೀತು ಎಂದು ತಾವು ಕಾಯುತ್ತಿರುವುದಾಗಿ ಹೇಳಿದರು.

"ಅದಕ್ಕಿಂತ ದೊಡ್ಡ ಹಕ್ಕಿ ನಮ್ಮಲ್ಲೈತೆ ಅನ್ನು. ದೊರೆವಾಯನ ಹಕ್ಕಿ ಅಂತ. ಆಳೆದೆಯುದ್ದ. ನಮ್ಮಜ್ಜಿ ಅದರ ಕುಣಿತ ನೋಡಿದ್ರು ಅನ್ನು."

ಗಿರಿಜ ಅದನ್ನೂ ಹೇಳಿದಳು. ಉಮ್ಮ್ ಖಾಲಿದ್ ಚಹಾ ಕೆಳಗಿಟ್ಟು ನನ್ನ ಕಡೆ ತಿರುಗಿ ನೇರ ನನ್ನನ್ನೇ ಕೇಳಿದರು.

"ಅಭೀ ಹೈ?"

ಈಗ ಇದೆಯೇ? ನಾನು ಖರ್ಜೂರದ ರಾಶಿ ನೋಡಿದೆ. ನಮ್ಮ ಕಾವಲಿನಲ್ಲಿ ಆ ಹಕ್ಕಿಯನ್ನು ನಾನೇ ನೋಡಿಲ್ಲ. ಗಿರಿಜ ನನ್ನ ಪರವಾಗಿ ಏನೋ ಸಣ್ಣದಾಗಿ ಅರಬ್ಬಿಯಲ್ಲಿ ಹೇಳಿದಳು, ಏನೆಂದು ಕೇಳಲಿಲ್ಲ. ಉಮ್ಮ್ ಖಾಲಿದ್ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರು ಕಾಯುತ್ತಿದ್ದಾರೆ, ಅವರಿಗೆ ಕಾಯಲು ಒಂದು ಬೇಲಿಯಾದರೂ ಇದೆ. ಅವತ್ತಿನಷ್ಟು ಹೊಟ್ಟೆಕಿಚ್ಚು ನನಗೆ ಯಾರ ಬಂಗಾರ ಕಂಡೂ ಆಗಿಲ್ಲ.

ಮಳೆ

ನನ್ನ ರಜೆ ಮುಗಿಯುತ್ತ ಬಂತು. ಮೋಡ ಬಂದು ಹೋಗುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ಪರದೇಶದ ಆಕಾಶವನ್ನು ಬೇಡಿಕೊಂಡೆ. ನಮ್ಮೂರಿಗೇ ಇಷ್ಟು ಬೇಡಿದವಳಲ್ಲ.

ಒಂದು ಬೆಳಿಗ್ಗೆ ಅದು ಬಂತು. ನಮ್ಮಲ್ಲಿ ಅಂಥ ಮಳೆಗೆ ಯಾರೂ ಕೊಡೆ ಬಿಚ್ಚುವುದಿಲ್ಲ. ಅಲ್ಲಿ ರಸ್ತೆಯ ತಗ್ಗಿನಲ್ಲಿ ಕಾರುಗಳು ಹೊಳೆಯಲ್ಲಿ ಎಮ್ಮೆ ನಿಂತಂತೆ ನಿಂತವು. ಶಾಲೆಗೆ ರಜೆ ಕೊಟ್ಟರು. ಎದುರು ಮನೆಯ ಅರಬ್ಬಿ ಯಜಮಾನರು ಬಿಳಿ ಅಂಗಿಯಲ್ಲೇ ಬಾಲ್ಕನಿಗೆ ಬಂದು ಅಂಗೈ ಚಾಚಿ ನಿಂತರು. ನಮ್ಮ ಬಾಲ್ಕನಿಯಲ್ಲಿ ಗಿರಿಜ. ನಾನು ಹೋಗಿ ಪಕ್ಕದಲ್ಲಿ ಕೈ ಚಾಚಿದೆ.

"ಸಾಕಾ ಕಣೇ ಇಷ್ಟು?"

"ಮಣ್ಣೊಳಗೆ ಇಳಿದ್ರೆ ಸಾಕು."

ಬಹಳ ದಿನದ ಮೇಲೆ ಆಡಿದ ಮಾತು. ಇಬ್ಬರೂ ಒದ್ದೆಯಾಗುವವರೆಗೆ ಅಲ್ಲೇ ನಿಂತೆವು. ಅವಳು ಟಿಕೆಟ್ ಮುಂದಕ್ಕೆ ಹಾಕಿಸು ಅಂದಳು. ನಾನು ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಹುಷಾರಿಲ್ಲ ಅಂದೆ. ಸುಳ್ಳೇನಲ್ಲ.

ಮತ್ತೆ ಬೇಲಿ

ಮಳೆ ನೆಲಕ್ಕಿಳಿದು ಬಿಸಿಲು ಕಾಯುವವರೆಗೆ ತಡೆದು ಹೋದೆವು. ಹಮೀದ್ ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಲೇ ಇದ್ದ. "ಚಿಗುರದಿದ್ದರೆ ನನ್ನ ಅಂಗಡಿಯ ಡಬ್ಬದ್ದು ಕೊಡ್ತೇನೆ ಗಿರಿಜಕ್ಕ. ಅದಕ್ಕೆ ಗಲ್ಲಾದ ಪಕ್ಕ ಕೂತು ಜನರ ಅಭ್ಯಾಸ ಉಂಟು."

ಬೇಲಿಯೊಳಗೆ ಹಕ್ಕಿಗಳು ಏನೋ ದೊಡ್ಡ ಸುದ್ದಿಯಿದ್ದಂತೆ ಒಂದರ ಮೇಲೊಂದು ಮಾತಾಡುತ್ತಿದ್ದವು. ಉಮ್ಮ್ ಖಾಲಿದರ ಪೊದೆಗಳು ದೂರದಿಂದಲೇ ತೆಳುಹಸಿರು. ಗಿರಿಜ ಯಾರ ಜೊತೆಗೂ ನಿಲ್ಲದೆ ಮೂಲೆಗೆ ನಡೆದಳು. ಕೂತಳು. ಮೊದಲ ಕಡ್ಡಿ ನೋಡಿದಳು, ಮುಂದಿನದಕ್ಕೆ ಸರಿದಳು. ಅದನ್ನೂ ನೋಡಿ ಮತ್ತೆ ಸರಿದಳು. ನನಗೆ ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

"ಅಕ್ಕ, ಬಾ."

ಸಾಲಿನ ಕೆಲವು ಕಡ್ಡಿಗಳು ಒಣಗಿಯೇ ಇದ್ದವು, ಅವು ಇನ್ನು ಏಳುವಂತೆ ಕಾಣಲಿಲ್ಲ. ಕೆಲವಕ್ಕೆ ಸಾಸಿವೆಯಷ್ಟು ಹಸಿರು ಕೂತಿತ್ತು. ಅವಳು ತೋರಿಸಿದ್ದು ಅವನ್ನಲ್ಲ. ತಂತಿಯ ಬುಡದ ಮೊಂಡುಪೊದೆಯನ್ನು. ನಾನು ಮುರಿದ ಪ್ರತಿ ಮೊಂಡಿನ ಕೆಳಗೂ ಚಿಗುರು ಒತ್ತಿಕೊಂಡು ಬಂದಿತ್ತು, ಉಳಿದೆಲ್ಲದಕ್ಕಿಂತ ದಟ್ಟವಾಗಿ. ಬಗ್ಗಿದರೆ ಘಮ.

"ಹಿಡ್ಕೊಂತು," ಅಂದಳು ಗಿರಿಜ. ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಣ್ಣು ಮಾಡಿಕೊಂಡಳು. "ನಾನು ಹೋದ್ಮೇಲೂ ಇರುತ್ತೆ ಅಕ್ಕ ಇದು."

"ಇರ್ತದೆ."

"ಈಗಲೂ ಹೊಟ್ಟೆಕಿಚ್ಚಾ?"

"ಈಗ್ಲೇ ಜಾಸ್ತಿ."

ಅವಳು ನಕ್ಕಳು. ಚಿಕ್ಕಂದಿನಲ್ಲಿ ನನ್ನ ಪಾಲಿನ ಬೆಲ್ಲ ಕದ್ದು ತಿಂದಾಗ ನಗುತ್ತಿದ್ದ ನಗು. ಹಿಂದಿನಿಂದ ಉಮ್ಮ್ ಖಾಲಿದ್ ಏನೋ ಅಂದರು. ಒಂಟೆಗೆ ಸಂಬಳ ಕೊಡಬೇಕು ಅಂತಿದ್ದಾರೆ ಎಂದ ಹಮೀದ್.

ಹೆಸರೆತ್ತಿದ್ದೇ ತಡ, ಅದು ಬಂತು. ಅದೇ ಹರಿದ ಕಿವಿ, ಅದೇ ಬಲೆಯ ಚೀಲ. ಗುರುತು ಹಿಡಿದು ನೇರ ನನ್ನೆದುರಿಗೇ ಬಂದು ತಂತಿಯ ಮೇಲೆ ಗದ್ದ ಇಟ್ಟಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಅಕ್ಕಾ," ಅಂದಳು ಗಿರಿಜ.

ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಒಂಟೆ ಹೋಗಲಿಲ್ಲ. ತನ್ನ ಕಾಲ ಕೆಳಗಿನ ಬೋಳು ನೆಲದಲ್ಲಿ ನಿಂತು, ಒಂದು ತಂತಿಯಾಚೆ ಬೇರೆಯವರ ಪಾಲಿಗೆ ಬಂದ ಹಸಿರನ್ನು ರೆಪ್ಪೆ ಬಡಿಯದೆ ನೋಡುತ್ತಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕುವೈತಿಗೆ ಬಂದ ದಿನದಿಂದ ನಾನು ಹೊತ್ತು ತಿರುಗಿದ್ದು ಅದನ್ನೇ.